ಮಂಜಿನಲ್ಲಿ ನಿಂತ ರೈಲು

ಮದುವೆಯಾಗುವವರೆಗೂ ನಾನು ರೈಲು ನೋಡಿರಲಿಲ್ಲ. ನಾನು ಹುಟ್ಟಿದ್ದು ಗುಂಡ್ಲುಪೇಟೆಯಲ್ಲಿ. ಅಲ್ಲಿಗೆ ಬಸ್ಸು ಬರುತ್ತಿತ್ತು, ಈರುಳ್ಳಿ ಮೂಟೆ ಹೇರಿಕೊಂಡು ಮಲಬಾರಿನ ಕಡೆಗೆ ಲಾರಿಗಳು ಹೋಗುತ್ತಿದ್ದವು, ರೈಲು ಮಾತ್ರ ಇರಲಿಲ್ಲ. ಅಪ್ಪ ಪೇಟೆ ಬೀದಿಯಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಕನ್ನಡ ಶಾಲೆಯಲ್ಲಿ ನಾಲ್ಕನೆಯ ಕ್ಲಾಸು ಮುಗಿಸುವಷ್ಟರಲ್ಲಿ ನನ್ನನ್ನು ಬಿಡಿಸಿದರು. ಕಲಿತ ಅಕ್ಷರ ಮಾತ್ರ ನನ್ನನ್ನು ಬಿಡಲಿಲ್ಲ, ಅದರಿಂದಲೇ ಇದನ್ನು ಬರೆಯುತ್ತಿದ್ದೇನೆ. ಮನೆಯವರು ಆಡಿದ್ದೆಲ್ಲ ಉರ್ದುವಿನಲ್ಲಿ. ಇಲ್ಲಿ ಅದನ್ನು ಕನ್ನಡ ಮಾಡಿ ಹೇಳುತ್ತೇನೆ.

ಐವತ್ತರ ದಶಕದ ಮೊದಮೊದಲಲ್ಲಿ ಚಾಮರಾಜನಗರಕ್ಕೆ ಸೊಸೆಯಾಗಿ ಬಂದೆ. ಗಂಡನ ಮನೆಯವರದು ಫೋಟೋ ಸ್ಟುಡಿಯೋ. ಕೆಳಗೆ ಅಂಗಡಿ, ಮೇಲೆ ಮನೆ. ಮಾವನವರು ಕಟ್ಟಿ ಬೆಳೆಸಿದ ಅಂಗಡಿ ಅದು, ನಾನು ಬರುವ ಹೊತ್ತಿಗೆ ಅವರ ಎರಡೂ ಕಣ್ಣಿಗೆ ಪೊರೆ ಬಂದು ಕ್ಯಾಮೆರಾ ನನ್ನ ಗಂಡನ ಕೈಗೆ ಹೋಗಿತ್ತು. ಮೇಲಿನ ಹಿಂದಿನ ಕೋಣೆಯಲ್ಲಿ ಒಂದು ಕಿಟಕಿ. ಆ ಕಿಟಕಿಗೆ ಎದುರಾಗಿ ರೈಲ್ವೆ ಸ್ಟೇಷನ್ನಿನ ಅಂಗಳ.

ಬೆಳಕು ಚೆನ್ನಾಗಿ ಬರುತ್ತದೆಂದು ಆ ಕಿಟಕಿಯ ಹತ್ತಿರವೇ ನೆಗೆಟಿವ್ ತಿದ್ದುವ ಮೇಜು ಇಟ್ಟಿದ್ದರು. ಆಗೆಲ್ಲ ಗಾಜಿನ ನೆಗೆಟಿವ್. ಮಾವನವರಿಗೆ ಕಣ್ಣು ಹೋದ ಮೇಲೆ ಆ ಕೆಲಸಕ್ಕೆ ಜನವಿರಲಿಲ್ಲ. ಗಂಡನಿಗೆ ಅಷ್ಟು ತಾಳ್ಮೆ ಇರಲಿಲ್ಲ. ನಾನು ಕುಳಿತೆ. ಚೂಪಾಗಿ ಕೆತ್ತಿದ ಪೆನ್ಸಿಲ್ಲಿನಿಂದ ಸಿಡುಬಿನ ಕಲೆ ಮುಚ್ಚುವುದು, ಕಣ್ಣಿನ ಕೆಳಗಿನ ಕಪ್ಪು ತೆಗೆಯುವುದು, ಮದುಮಗನ ಸೊಟ್ಟ ಮೂಗನ್ನು ಒಂದಿಷ್ಟು ನೇರ ಮಾಡುವುದು. ಹೀಗೆ ಊರಿನ ಮುಕ್ಕಾಲು ಪಾಲು ಮುಖಗಳು ನನ್ನ ಕೈಯಲ್ಲಿ ಹಾದುಹೋದವು. ಅವರಲ್ಲಿ ಒಬ್ಬರನ್ನೂ ನಾನು ಬೀದಿಯಲ್ಲಿ ಕಂಡಿರಲಿಲ್ಲ. ಬೀದಿಗೆ ಇಳಿಯುತ್ತಿದ್ದುದೇ ನೆಂಟರ ಮದುವೆಗೆ, ಅದೂ ಪರದೆ ಕಟ್ಟಿದ ಜಟಕಾದಲ್ಲಿ.

ಅತ್ತೆ ಕೆಟ್ಟವರಲ್ಲ. ನನ್ನನ್ನು ಬೈದವರಲ್ಲ, ಊಟಕ್ಕೆ ಬಟ್ಟೆಗೆ ಕಡಮೆ ಮಾಡಿದವರಲ್ಲ. ಕಷ್ಟ ಇದ್ದದ್ದು ಅಲ್ಲಿಯೇ. ದೂರಲು ಏನೂ ಇರಲಿಲ್ಲ. ತವರಿನಿಂದ ಅಮ್ಮ ಯಾರ ಕೈಲಾದರೂ ಹೇಳಿ ಕಳಿಸಿ ಹೇಗಿದ್ದೀಯೆಂದು ಕೇಳಿದರೆ, ಚೆನ್ನಾಗಿದ್ದೇನೆ ಎಂದೇ ಹೇಳಿ ಕಳಿಸಬೇಕಿತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ಆ ಕೋಣೆಯ ಗೋಡೆಗಳು ಒಂದೊಂದು ಗೇಣು ಹತ್ತಿರ ಬಂದ ಹಾಗೆ ಅನ್ನಿಸಿ ಉಸಿರು ಕಟ್ಟುತ್ತಿತ್ತು. ಎದ್ದು ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದೆ.

ಕೆಳಗೆ ರೈಲು ಬಂದು ನಿಂತಿರುತ್ತಿತ್ತು. ಮೈಸೂರಿನಿಂದ ಹೊರಟು ನಂಜನಗೂಡು, ಕವಲಂದೆ, ಬದನಗುಪ್ಪೆ ದಾಟಿ ಬರುವ ಹಳಿ ನಮ್ಮೂರಿಗೇ ಮುಗಿಯುತ್ತಿತ್ತು. ಅದರಾಚೆ ಹುರುಳಿ ಹೊಲ, ಬಿಳಿಗಿರಿರಂಗನ ಬೆಟ್ಟದ ಸಾಲು. ಬಂದ ಎಂಜಿನ್ ಗಾಡಿಯಿಂದ ಬಿಚ್ಚಿಕೊಂಡು, ಪಕ್ಕದ ಹಳಿಯಲ್ಲಿ ಹಿಂದಕ್ಕೆ ಹೋಗಿ, ಇನ್ನೊಂದು ತುದಿಗೆ ಸೇರಿಕೊಂಡು ಬಂದ ದಾರಿಯಲ್ಲೇ ಹೊರಡುತ್ತಿತ್ತು. ಎಷ್ಟು ಸಲ ನೋಡಿದರೂ ನನಗೆ ಬೇಸರವಾಗುತ್ತಿರಲಿಲ್ಲ. ಅವರೆಕಾಯಿ ಕಾಲದಲ್ಲಿ, ಬೆಳಗಿನ ಮಂಜು ಅಂಗಳದ ತುಂಬ ಇಳಿದಿರುವಾಗ, ಹೊಗೆ ಯಾವುದು ಮಂಜು ಯಾವುದು ತಿಳಿಯದೆ ಎಂಜಿನ್ನಿನ ದೀಪ ಮಾತ್ರ ಅರಿಸಿನ ಬಣ್ಣಕ್ಕೆ ಕಾಣುತ್ತಿತ್ತು.

ನಾನು ಕಿಟಕಿಯಲ್ಲಿ ನಿಲ್ಲುವುದು ಮಾವನವರಿಗೆ ಹೇಗೆ ತಿಳಿಯಿತೋ. ಕಣ್ಣು ಕಾಣದವರು ಕಿವಿಯಲ್ಲೇ ಎಲ್ಲ ನೋಡುತ್ತಾರೆ. ಪೆನ್ಸಿಲ್ಲಿನ ಸದ್ದು ನಿಂತದ್ದು ಕೇಳಿಸಿರಬೇಕು. ಒಂದು ದಿನ ಹಳೆಯ ದೊಡ್ಡ ಕ್ಯಾಮೆರಾವನ್ನು ಮೇಲೆ ತರಿಸಿ, ಮುಕ್ಕಾಲಿಯ ಮೇಲೆ ಕಿಟಕಿಗೆ ಎದುರಾಗಿ ನಿಲ್ಲಿಸಿ, ಕರಿ ಬಟ್ಟೆ ಹೊದ್ದು ನೋಡು ಅಂದರು. ಬಟ್ಟೆಯೊಳಗೆ ತಲೆ ಹಾಕಿದೆ. ಹಿಂದಿನ ಮಸುಕು ಗಾಜಿನ ಮೇಲೆ ಸ್ಟೇಷನ್ನು ತಲೆಕೆಳಗಾಗಿ ನಿಂತಿತ್ತು. ಎಂಜಿನ್ ಮೇಲುಗಡೆ ನೇತಾಡಿಕೊಂಡು, ಅದರ ಹೊಗೆ ಕೆಳಕ್ಕೆ ಸುರಿಯುತ್ತಿತ್ತು. ನಾನು ಬಹಳ ಹೊತ್ತು ಹೊರಗೆ ಬರಲಿಲ್ಲ. ಆ ಚಳಿಗಾಲ ಪೂರ್ತಿ, ಅತ್ತೆ ಮಲಗಿದ ಮಧ್ಯಾಹ್ನಗಳಲ್ಲಿ, ಅವರು ತಮಗೆ ಗೊತ್ತಿದ್ದುದನ್ನೆಲ್ಲ ನನಗೆ ಹೇಳಿಕೊಟ್ಟರು. ಅವರು ನನ್ನನ್ನು ಬೇಟಿ, ಮಗಳೇ, ಎಂದು ಕರೆಯುತ್ತಿದ್ದರು, ನಾನು ಅವರನ್ನು ಅಬ್ಬಾ, ಅಪ್ಪ, ಎನ್ನುತ್ತಿದ್ದೆ. ಕಿಟಕಿಯಿಂದ ತೆಗೆದ ಚಿತ್ರಗಳಿಗೆಲ್ಲ ಅಡ್ಡಕ್ಕೆ ಸರಳು ಬಂದಿರುತ್ತಿತ್ತು. ಸಿಡುಬಿನ ಕಲೆ ಮುಚ್ಚುವ ನನ್ನ ಪೆನ್ಸಿಲ್ಲಿಗೆ ಸರಳು ಮುಚ್ಚಲು ಆಗುತ್ತಿರಲಿಲ್ಲ.

ಮಾರನೆಯ ವರ್ಷದ ಚಳಿಗಾಲಕ್ಕೆ ನನ್ನ ಗಂಡನಿಗೆ ಟೈಫಾಯಿಡ್ ಜ್ವರ ಬಂತು. ತಿಂಗಳು ಕಳೆದರೂ ಏಳುವ ಹಾಗಿರಲಿಲ್ಲ. ಅದೇ ಹೊತ್ತಿಗೆ ಸ್ಟೇಷನ್ ಮಾಸ್ಟರಿಗೆ ವರ್ಗವಾಯಿತು. ಬಹಳ ವರ್ಷ ಇಲ್ಲಿದ್ದವರು, ಇಲ್ಲಿಯ ನೆನಪಿಗೆಂದು ಕೆಲವು ಫೋಟೋ ಬೇಕೆಂದು ಮಾವನವರ ಹತ್ತಿರ ಬಂದು ಕೇಳಿದರು. ಸಿಬ್ಬಂದಿಯ ಜೊತೆಗೊಂದು, ಸ್ಟೇಷನ್ನಿನದೊಂದು, ಆಮೇಲೆ ಬೆಳಗಿನ ಮಂಜಿನಲ್ಲಿ ಹೊಲಗಳ ನಡುವೆ ರೈಲು ಬರುವುದೊಂದು. ಮಾವನವರು ಒಪ್ಪಿಕೊಂಡುಬಿಟ್ಟರು.

ಕಣ್ಣು ಕಾಣದವರು ಹೇಗೆ ತೆಗೆಯುತ್ತೀರಿ ಎಂದು ಅತ್ತೆ ಕೇಳಿದರು. ಕೈಗೆ ನಲವತ್ತು ವರ್ಷದ ಅಭ್ಯಾಸ ಇದೆ, ಕೈಹಿಡಿದು ನಡೆಸುವುದಕ್ಕೆ ಒಬ್ಬರು ಬೇಕು, ಸೊಸೆ ಬರಲಿ ಅಂದರು. ಕುರುಡು ಮಾವನನ್ನು ನಡೆಸಿಕೊಂಡು ಹೋಗುವ ಸೊಸೆಯನ್ನು ಯಾರು ಏನೆನ್ನುತ್ತಾರೆ? ಅತ್ತೆ ಒಳಗಿನಿಂದ ನನ್ನ ಬುರ್ಖಾ ತಂದುಕೊಟ್ಟರು.

ಸಿಬ್ಬಂದಿಯ ಫೋಟೋ ಸುಲಭವಾಗಿ ಮುಗಿಯಿತು. ಮಾವನವರು ಮುಂದೆ ನಿಂತು, ನೀವು ಸ್ವಲ್ಪ ಎಡಕ್ಕೆ, ಟೋಪಿ ಸರಿಮಾಡಿಕೊಳ್ಳಿ ಎನ್ನುತ್ತಿದ್ದರು. ನಾನು ಬುರ್ಖಾದ ಮೇಲೆ ಕರಿ ಬಟ್ಟೆ ಹೊದ್ದು ಹಿಂದೆ ನಿಂತು, ಯಾರು ಎಡಕ್ಕೆ ಹೋಗಬೇಕು ಎಂಬುದನ್ನು ಅವರಿಗೆ ಉರ್ದುವಿನಲ್ಲಿ ಮೆಲ್ಲಗೆ ಹೇಳುತ್ತಿದ್ದೆ. ಫೋಟೋ ತೆಗೆದವರು ಯಾರೆಂದು ಒಬ್ಬರಿಗೂ ಗೊತ್ತಾಗಲಿಲ್ಲ.

ರೈಲಿನದೇ ತೊಂದರೆಯಾದದ್ದು. ನಸುಕಿಗೇ ಜಟಕಾ ಕಟ್ಟಿಸಿಕೊಂಡು ಬದನಗುಪ್ಪೆಯ ದಾರಿಯಲ್ಲಿ ಹೋಗಿ, ಹಿಪ್ಪುನೇರಳೆ ತೋಟದ ಬದಿಯಲ್ಲಿ ಕ್ಯಾಮೆರಾ ಹೂಡಿದೆವು. ರೈಲಿನ ಚಿತ್ರ ಬೇಕಾದವರು ರೈಲಿನಲ್ಲಿ ಹೋಗಲಾಗುವುದಿಲ್ಲ, ಅದಕ್ಕಿಂತ ಮುಂಚೆ ಹೋಗಿ ಕಾಯಬೇಕು. ಇಷ್ಟೆಲ್ಲ ಆದರೂ ನಾನು ಆಗಿನ್ನೂ ರೈಲು ಹತ್ತಿದವಳಲ್ಲ. ನಮ್ಮ ಕ್ಯಾಮೆರಾ ಹಳೆಯದು, ಮುಂದಿನ ಗಾಜಿನ ಮುಚ್ಚಳವನ್ನು ಕೈಯಿಂದ ತೆಗೆದು ಮತ್ತೆ ಮುಚ್ಚುವಂಥದು. ರೈಲು ನಮ್ಮೆದುರು ಅಡ್ಡಕ್ಕೆ ಹಾದುಹೋಯಿತು. ತೊಳೆದು ನೋಡಿದರೆ ಮರ ಇದೆ, ಬೇಲಿ ಇದೆ, ರೈಲು ಇರಬೇಕಾದಲ್ಲಿ ಬೂದಿ ಬಣ್ಣದ ಒಂದು ಒರೆಸು. ಅಡ್ಡಕ್ಕೆ ಓಡಿದ್ದು ಅಳಿಸಿಹೋಗುತ್ತದೆ, ಎದುರಿಗೆ ಬರುವಾಗ ತೆಗೆದರೆ ಉಳಿದೀತು, ಅದಕ್ಕೆ ಹಳಿಯ ಪಕ್ಕದಲ್ಲೇ ನಿಲ್ಲಬೇಕು ಎಂದರು ಮಾವನವರು.

ಮತ್ತೆ ಹೋದೆವು. ಆ ದಿನದ ಮಂಜು ನೆನೆದರೆ ಈಗಲೂ ಬೆರಳು ಮರಗಟ್ಟುತ್ತದೆ. ಜಟಕಾದವನನ್ನು ರಸ್ತೆಯಲ್ಲೇ ನಿಲ್ಲಿಸಿ, ಮಾವನವರ ಕೈಹಿಡಿದು, ಇನ್ನೊಂದು ಹೆಗಲಿಗೆ ಮುಕ್ಕಾಲಿ ಸಮೇತ ಕ್ಯಾಮೆರಾ ಹೊತ್ತು ಹೊಲದ ಬದುವಿನ ಮೇಲೆ ನಡೆದೆ. ಹಳಿ ಸ್ವಲ್ಪ ಬಳಸಿ ಬರುವ ಜಾಗ ಅದು. ಕ್ಯಾಮೆರಾ ಹೂಡಿ, ಗಾಜಿನ ಪ್ಲೇಟು ಹಾಕಿ ಸಿದ್ಧಮಾಡಿದೆ. ಮಾವನವರು ಹತ್ತಿರದ ಹೊಂಗೆ ಮರಕ್ಕೆ ಒರಗಿ ಶಾಲು ಹೊದ್ದು ಕುಳಿತರು. ಸುತ್ತ ಯಾರೂ ಇರಲಿಲ್ಲ. ಅತ್ತೆ, ಗಂಡ, ಮೇಜು, ಗೋಡೆ ಯಾವುದೂ ಇರಲಿಲ್ಲ. ನಾನು ಮುಖದ ಮೇಲಿನ ಬಟ್ಟೆ ಎತ್ತಿದೆ. ಕ್ಯಾಮೆರಾವನ್ನು ಇನ್ನೂ ಒಂದಿಷ್ಟು ಒಳಕ್ಕೆ ಸರಿಸಿದರೆ ಹೇಗೆ ಕಾಣುತ್ತದೆ ನೋಡೋಣವೆಂದು ಎರಡು ಹಳಿಗಳ ನಡುವೆ ಹೋಗಿ ನಿಂತೆ.

ಅಲ್ಲಿಂದ ಹಳಿ ಮಂಜಿನೊಳಕ್ಕೆ ಹೋಗಿ ಕಾಣದಾಗುತ್ತಿತ್ತು. ಅಷ್ಟು ದೂರ, ಅಡ್ಡ ಯಾವ ಸರಳೂ ಇಲ್ಲದೆ, ನಾನು ಏನನ್ನೂ ನೋಡಿರಲಿಲ್ಲ. ನೋಡುತ್ತ ನಿಂತುಬಿಟ್ಟೆ. ಮಾವನವರು ಮರದ ಕೆಳಗಿನಿಂದ, ಬರ್ತಾ ಇದೆ ಬೇಟಿ, ಎಂದದ್ದು ಕೇಳಿಸಿತು. ಮಂಜಿನಲ್ಲಿ ದೀಪವೂ ಕಾಣಿಸಿತು. ನಾನು ಗಾಬರಿಯೇನೂ ಇಲ್ಲದೆ ಈಚೆ ಬಂದು ಕ್ಯಾಮೆರಾದ ಹತ್ತಿರ ನಿಂತೆ. ನನ್ನ ಲೆಕ್ಕಕ್ಕೆ ಬೇಕಾದಷ್ಟು ಹೊತ್ತಿತ್ತು. ಆದರೆ ಡ್ರೈವರ್ ಅಷ್ಟರಲ್ಲಿ ಹಳಿಯ ನಡುವೆ ಕರಿ ಬುರ್ಖಾದ ಒಬ್ಬ ಹೆಂಗಸು ನಿಂತಿರುವುದನ್ನು ನೋಡಿದ್ದ. ನಾನು ಪಕ್ಕಕ್ಕೆ ಬಂದದ್ದು ಮಂಜಿನಲ್ಲಿ ಅವನಿಗೆ ಕಾಣಲಿಲ್ಲ.

ಶಿಳ್ಳೆ ಕೂಗಿತು. ಬ್ರೇಕಿನ ಕಿರುಚು ಹೊಲದ ತುಂಬ ಹರಡಿತು. ಇಡೀ ರೈಲು ಉಸಿರು ಬಿಡುತ್ತ, ಕುಲುಕುತ್ತ, ನನ್ನಿಂದ ಸ್ವಲ್ಪ ದೂರದಲ್ಲಿ ನಿಂತಿತು. ಎಲ್ಲ ಡಬ್ಬಿಗಳ ಕಿಟಕಿಗಳಿಂದ ತಲೆಗಳು ಹೊರಗೆ ಬಂದವು.

ಆಗ ಮಾವನವರ ಧ್ವನಿ ಕೇಳಿಸಿತು. "ಸದ್ದು ನಿಂತುಹೋಯಿತಲ್ಲ. ರೈಲು ನಿಂತಿದೆಯಾ?"

"ನಿಂತಿದೆ ಅಬ್ಬಾ."

"ಹಾಗಾದರೆ ತೆಗೆ. ಮುಚ್ಚಳ ತೆಗೆ, ಬೇಗ."

ತೆಗೆದೆ. ಅವರು ಕಲಿಸಿದಷ್ಟು ಹೊತ್ತು ಬಿಟ್ಟು, ಮತ್ತೆ ಮುಚ್ಚಿದೆ.

ಡ್ರೈವರ್ ಎಂಜಿನ್ನಿನಿಂದ ಇಳಿದು ಜಲ್ಲಿಯ ಮೇಲೆ ಓಡಿಬಂದ. ವಯಸ್ಸಾದವನು, ಮುಖವೆಲ್ಲ ಮಸಿ. ಬೈಯುತ್ತಾನೆಂದುಕೊಂಡೆ. ಅವನು ಬೈಯಲಿಲ್ಲ. ಎದುರು ನಿಂತು, ಏದುಸಿರು ಬಿಡುತ್ತ, ನನ್ನ ಮುಖ ನೋಡಿ ಕೇಳಿದ:

"ಯಾಕವ್ವಾ, ಏನ್ ಕಷ್ಟ ಬಂತು ನಿಂಗ?"

ನನಗೆ ಕನ್ನಡ ಬರುತ್ತಿತ್ತು. ಕಷ್ಟ ಏನಿಲ್ಲ, ಫೋಟೋ ತೆಗೆಯಲು ಬಂದೆ ಎಂದರೆ ಮುಗಿದುಹೋಗುತ್ತಿತ್ತು. ಬಾಯಿ ತೆರೆದರೆ ಅಳು ಬಂತು. ಮದುವೆಯಾಗಿ ಬಂದಂದಿನಿಂದ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ನಾನು ಸಾಯಲು ಹೋದವಳಲ್ಲ, ಆಣೆ ಮಾಡಿ ಹೇಳಬಲ್ಲೆ. ಆದರೆ ಏನೂ ಕಷ್ಟವಿಲ್ಲ ಎಂಬ ಸುಳ್ಳು ಆ ಮನುಷ್ಯನ ಮುಂದೆ ನಾಲಗೆಗೆ ಬರಲಿಲ್ಲ.

ನಾನು ಅಳುವುದನ್ನು ನೋಡಿ ಅವನಿಗೆ ಇದ್ದ ಅನುಮಾನ ಗಟ್ಟಿಯಾಯಿತು. "ಅಳ್ಬ್ಯಾಡ ಬುಡವ್ವ. ಮನ್ಗ ಓಗು," ಎಂದ. ತಡವರಿಸಿಕೊಂಡು ಬಂದ ಮಾವನವರ ಕಡೆ ತಿರುಗಿ, "ಸಾಬ್ರೇ, ಇವ್ಳ ಒಬ್ಳನೇ ಬುಡ್ಬ್ಯಾಡಿ ಕಣಿ," ಎಂದು ಹೇಳಿ ಎಂಜಿನ್ನಿಗೆ ಹೋದ. ಮಾವನವರು ಕ್ಯಾಮೆರಾ ತೋರಿಸಿ ಏನೋ ಹೇಳಲು ಹೊರಟರು, ಅವನಿಗಾಗಲೇ ಹೊತ್ತಾಗಿತ್ತು.

ರೈಲು ನಮಗಿಂತ ಮುಂಚೆ ಊರು ಸೇರಿತು. ಅದರ ಜೊತೆಗೇ ಸುದ್ದಿಯೂ ಸೇರಿತು. ಜಟಕಾ ಅಂಗಡಿಯ ಮುಂದೆ ನಿಲ್ಲುವಾಗ ಬೀದಿಯಲ್ಲಿ ಜನ ಗುಂಪುಗೂಡಿದ್ದರು. ಫೋಟೋ ಅಂಗಡಿಯ ಸೊಸೆ ರೈಲಿಗೆ ತಲೆ ಕೊಡಲು ಹೋಗಿದ್ದಳು, ಪಾಪ ಕುರುಡು ಮುದುಕ ಹಿಂದೆಯೇ ಓಡಿದ್ದ, ಡ್ರೈವರ್ ಒಳ್ಳೆಯವನು, ಉಳಿಸಿದ ಎನ್ನುತ್ತಿದ್ದರು. ಅತ್ತೆ ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದರು. ನಾನು ನಿನಗೆ ಏನು ಮಾಡಿದೆ ಎಂದು ನನ್ನ ಕೈ ಹಿಡಿದುಕೊಂಡರು. ಅಂದಿನಿಂದ ನನ್ನನ್ನು ಒಬ್ಬಳೇ ಇರಲು ಬಿಡಲಿಲ್ಲ. ಹಿಂದಿನ ಕೋಣೆಯ ಕಿಟಕಿಗೆ ಹಲಗೆ ಬಡಿಸಿದರು. ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ನೆಗೆಟಿವ್ ತಿದ್ದಬೇಕಾಯಿತು. ಬಾವಿಗೆ ಹೋದರೂ ಅತ್ತೆ ಜೊತೆಗೆ ಬರುತ್ತಿದ್ದರು, ಪ್ರೀತಿಯಿಂದಲೇ.

ಗಂಡ ಹಾಸಿಗೆಯಲ್ಲಿ ದಿಂಬಿಗೊರಗಿ ಕುಳಿತು ಎಲ್ಲವನ್ನೂ ಕೇಳಿದರು. ಜ್ವರ ಬಿಟ್ಟು ಕಣ್ಣು ಒಳಕ್ಕೆ ಹೋಗಿತ್ತು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ನಂಬಿದರು. ನಂಬಿದ ಮೇಲೆ, ಗೋಡೆಯ ಕಡೆ ನೋಡುತ್ತ ಹೇಳಿದರು:

"ಹೆಂಡತಿ ಸಾಯಲು ಹೋದಳು ಎಂದು ಹೇಳಿಕೊಳ್ಳಲಾ, ಬಯಲಿನಲ್ಲಿ ಮುಖ ತೆರೆದು ಫೋಟೋ ತೆಗೆಯುತ್ತಿದ್ದಳು ಎಂದು ಹೇಳಿಕೊಳ್ಳಲಾ? ಎರಡರಲ್ಲಿ ಯಾವುದು, ನೀನೇ ಹೇಳು."

ಅವರೂ ನನ್ನ ಹಾಗೆಯೇ ಸಿಕ್ಕಿಕೊಂಡಿದ್ದರು.

ಸುದ್ದಿ ಬಸ್ಸಿನಲ್ಲಿ ಗುಂಡ್ಲುಪೇಟೆಗೂ ಹೋಯಿತು. ಅಪ್ಪ ಬಂದರು, ಕಲಾಯಿಯ ಮಸಿ ಹಿಡಿದ ಕೈಯನ್ನು ಪೂರ್ತಿ ತೊಳೆದುಕೊಂಡೂ ಇರಲಿಲ್ಲ. ಬೀಗರ ಮುಂದೆ ಒಂದು ಮಾತೂ ಜೋರಾಗಿ ಆಡಲಿಲ್ಲ, ಚಹಾ ಕುಡಿದರು, ಅಳಿಯನ ಆರೋಗ್ಯ ವಿಚಾರಿಸಿದರು. ನನ್ನ ಜೊತೆ ಒಂದು ಗಳಿಗೆ ಕೂರಲು ಬಿಟ್ಟಾಗ, ಮನೆಗೆ ಹೋಗೋಣವೇ ಎಂದು ಮೆಲ್ಲಗೆ ಕೇಳಿದರು. ಹೋಗಬೇಕೆಂದು ಎಷ್ಟು ಆಸೆಯಾಯಿತೋ. ಆದರೆ ಹೋದರೆ ಊರವರು ಆಡಿದ್ದೇ ನಿಜವಾಗುತ್ತದೆ. ಗುಂಡ್ಲುಪೇಟೆಯಲ್ಲೂ ಜನ ಆ ಕಥೆಯನ್ನೇ ಹೊತ್ತುಕೊಂಡು ನನ್ನನ್ನು ನೋಡಲು ಬರುತ್ತಾರೆ. ಮುಚ್ಚುವ ಬಾಗಿಲು ಅಲ್ಲಿಯೂ ಇದೆ.

ಒಳಗಿನಿಂದ ಆ ಚಿತ್ರದ ಪ್ರತಿಯನ್ನು ತಂದು ಅವರ ಮುಂದೆ ಇಟ್ಟೆ. ಆ ಗಲಾಟೆಯ ನಡುವೆಯೂ ಮಾವನವರು ಹಟ ಹಿಡಿದು ನನ್ನ ಕೈಯಿಂದಲೇ ಪ್ಲೇಟು ತೊಳೆಸಿದ್ದರು. ಅಪ್ಪ ಅದನ್ನು ಬೆಳಕಿಗೆ ಹಿಡಿದರು. ಎಂಜಿನ್ ಸ್ಪಷ್ಟವಾಗಿ ಬಂದಿತ್ತು, ಅದರ ಚಕ್ರಗಳ ನಡುವಿನಿಂದ ಹಬೆ ಹೊಲದ ಮೇಲಕ್ಕೆ ಹರಡಿತ್ತು. ಹಿಂದಿನ ಡಬ್ಬಿಗಳು ಒಂದರ ಹಿಂದೊಂದು ಮಂಜಿನಲ್ಲಿ ಕರಗಿದ್ದವು. ಪ್ರತಿ ಕಿಟಕಿಯಲ್ಲೂ ಮುಖಗಳು, ತಲೆಗೆ ಟವಲು ಸುತ್ತಿದವರು, ಮಗು ಎತ್ತಿಕೊಂಡವರು, ಎಲ್ಲರೂ ಒಂದೇ ಕಡೆ ನೋಡುತ್ತಿದ್ದರು.

"ಇವರೆಲ್ಲ ಯಾರನ್ನು ನೋಡ್ತಾ ಇದ್ದಾರೆ?" ಎಂದರು ಅಪ್ಪ.

"ನನ್ನನ್ನು."

ಅಪ್ಪ ಇನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮಾವನವರು ಕುಳಿತಿದ್ದ ಕೆಳಗಿನ ಅಂಗಡಿಗೆ ಇಳಿದು ಹೋದರು. ಅವರಿಬ್ಬರೂ ಏನು ಮಾತಾಡಿದರೆಂದು ನನಗೆ ಯಾರೂ ಹೇಳಲಿಲ್ಲ. ಅಪ್ಪ ಒಬ್ಬರೇ ಸಂಜೆಯ ಬಸ್ಸಿಗೆ ಹೊರಟರು. ಮಾರನೆಯ ದಿನ ಆ ಚಿತ್ರ ದೊಡ್ಡದಾಗಿ, ಚೌಕಟ್ಟು ಹಾಕಿಸಿಕೊಂಡು, ಅಂಗಡಿಯ ಮುಂದಿನ ಗಾಜಿನ ಕಪಾಟಿಗೆ ಬಂತು. ಮಾವನವರು ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಕೇಳಿದವರಿಗೂ ಕೇಳದವರಿಗೂ ಒಂದೇ ಮಾತು ಹೇಳಿದರು. ನನಗೆ ಕಣ್ಣು ಕಾಣುವುದಿಲ್ಲ, ಇದನ್ನು ತೆಗೆದವಳು ನನ್ನ ಸೊಸೆ, ಅವಳು ಅಲ್ಲಿಗೆ ಹೋದದ್ದು ಇದಕ್ಕೇ.

ಗಂಡ ಒಂದು ವಾರ ಅವರ ಜೊತೆ ಮಾತು ಬಿಟ್ಟರು. ನಮಾಜಿಗೆ ಹೋದಲ್ಲಿ ಕೆಲವರು ಚುಚ್ಚಿ ಆಡಿದರಂತೆ. ವರ್ಗವಾದ ಸ್ಟೇಷನ್ ಮಾಸ್ಟರು ರೈಲು ತಡವಾದದ್ದಕ್ಕೆ ಮೇಲಿನವರಿಗೆ ಸಮಜಾಯಿಷಿ ಹೇಳಬೇಕಾಯಿತು, ಆದರೂ ಹೋಗುವಾಗ ತಮ್ಮ ಪ್ರತಿಯನ್ನು ಕೇಳಿ ತೆಗೆದುಕೊಂಡು ಹೋದರು. ಹಳಿಯ ಹತ್ತಿರ ಇನ್ನು ಯಾರೂ ಬರಕೂಡದು ಎಂದೂ ಹೇಳಿ ಹೋದರು. ನಾನು ಮತ್ತೆ ರೈಲಿನ ಚಿತ್ರ ತೆಗೆಯಲಿಲ್ಲ.

ಜನ ಎರಡು ಪಂಗಡವಾದರು. ಕೆಲವರು ಮೊದಲಿನ ಕಥೆಯನ್ನೇ ಕೊನೆಯವರೆಗೂ ಬಿಡಲಿಲ್ಲ. ಆದರೆ ಮಾವನವರ ಮಾತು ಹೋಗಬೇಕಾದಲ್ಲಿಗೆ ಹೋಗಿತ್ತು. ಬೇಸಿಗೆ ಬರುವ ಮುಂಚೆ, ಹೆಂಗಸರು ಬೀದಿಗೆ ಬಾರದ ಮನೆತನದ ಒಬ್ಬ ಹಿರಿಯರು ಬಂದು, ನಿಮ್ಮ ಸೊಸೆ ನಮ್ಮ ಮನೆಗೆ ಬಂದು ಹೆಂಗಸರ ಫೋಟೋ ತೆಗೆದುಕೊಟ್ಟಾರೆಯೇ ಎಂದು ಗಂಡನನ್ನೇ ಕೇಳಿದರು. ಗಂಡಸರ ಎದುರು ಬಂದು ಕೂರಲಾಗದೆ, ಮದುವೆಯಾಗಿ ಮಕ್ಕಳಾದರೂ ಒಂದು ಫೋಟೋ ಇಲ್ಲದ ಹೆಂಗಸರು ಅಂಥ ಮನೆಗಳಲ್ಲಿ ಎಷ್ಟೋ ಜನ. ಗಂಡ ಯೋಚಿಸಿ ಒಪ್ಪಿದರು. ಅದು ಮರ್ಯಾದೆಯ ಕೆಲಸ, ಅದಕ್ಕೆ ಉತ್ತರ ಹೇಳಿಕೊಳ್ಳಬೇಕಾಗಿರಲಿಲ್ಲ. ಕಿಟಕಿಯ ಹಲಗೆಯನ್ನು ಆ ವಾರವೇ ತಾವೇ ಕಿತ್ತರು.

ಆಮೇಲೆ ಬಹಳ ವರ್ಷ ನಾನು ಆ ಕೆಲಸ ಮಾಡಿದೆ, ಚಾಮರಾಜನಗರದಲ್ಲೂ ಗುಂಡ್ಲುಪೇಟೆಯಲ್ಲೂ. ಪರದೆ ಕಟ್ಟಿದ ಜಟಕಾದಲ್ಲಿ ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು ಒಂದು ಮುಚ್ಚಿದ ಮನೆಯಿಂದ ಇನ್ನೊಂದು ಮುಚ್ಚಿದ ಮನೆಗೆ ಹೋಗುತ್ತಿದ್ದೆ. ಒಳಗಿನ ಕೋಣೆಯಲ್ಲಿ ಹೆಂಗಸರು ಸಿಂಗರಿಸಿಕೊಂಡು, ಮಲ್ಲಿಗೆ ಮುಡಿದು, ಕತ್ತಲಲ್ಲಿ ಸಾಲಾಗಿ ಕುಳಿತಿರುತ್ತಿದ್ದರು. ಬೆಳಕು ಸಾಲದು, ಅಂಗಳದ ಬಾಗಿಲು ತೆಗೆಸಿ ಎಂದು ನಾನು ಹೇಳುತ್ತಿದ್ದೆ. ಯಾರೋ ಹೋಗಿ ಒಂದು ಅಂಗೈಯಷ್ಟು ತೆಗೆಯುತ್ತಿದ್ದರು. ಇನ್ನೂ ಸ್ವಲ್ಪ ಎನ್ನುತ್ತಿದ್ದೆ. ಇನ್ನೂ ಸ್ವಲ್ಪ. ಪೂರ್ತಿ ತೆಗೆದ ಮೇಲೆ ಬಿಸಿಲು ಒಳಗೆ ಬಿದ್ದು, ಅವರೆಲ್ಲ ಕಣ್ಣು ಚಿಕ್ಕದು ಮಾಡಿಕೊಂಡು ಹೊರಗೆ ನೋಡುತ್ತಿದ್ದರು. ಆಗ ಮುಚ್ಚಳ ತೆಗೆಯುತ್ತಿದ್ದೆ. ಫೋಟೋ ಆಯಿತು ಎಂದ ಕೂಡಲೇ, ಮನೆಯ ಹಿರಿಯರಲ್ಲಿ ಯಾರಾದರೂ ಒಬ್ಬರು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬರುತ್ತಿದ್ದರು.